ಜಾಹೀರಾತಿನ ಮಾತು, ಓದುಗನ ದೂರು

ನಮ್ಮ ಊರಿನ ಹೆಸರೇ ಅಂಗಡಿಯನ್ನು ನೆನಪಿಗೆ ತರುವಂತಹುದು. ಹೊಸತಾಗಿ ಅಂಗಡಿಯಿಟ್ಟ ಸ್ಥಳವೆಂಬುದಲ್ಲದೆ ಹೊಸಂಗಡಿಯೆಂಬ ಮಾತಿಗೆ ಬೇರೆ ಅರ್ಥವನ್ನು ಹುಡುಕಬೇಕಾಗಿಲ್ಲ. ಆದುದರಿಂದ ವ್ಯಾಪಾರವನ್ನಾಗಲಿ, ವ್ಯಾಪಾರಿಯು ತನ್ನ ಸರಕನ್ನು ನಾಲ್ಕು ಜನರ ಮುಂದೆ ಹೊಗಳಿಕೊಳ್ಳುವುದನ್ನಾಗಲಿ ಹಳಿಯುವುದು ಇಲ್ಲಿನವರಾದ ನಮಗೆ ಒಪ್ಪುವ ಮಾತಲ್ಲ. ಹೊಗಳಿಕೆಯು ಎಲ್ಲಿಯವರೆಗೆ ಹೊಗಳಿಕೆ, ಎಲ್ಲಿಂದ ಮುಂದೆ ಅದು ವಂಚನೆ, ವಂಚನೆಯೆಂದು ತೋರಿದಾಗ ಯಾರಲ್ಲಿ ಹೇಳಿಕೊಳ್ಳಬೇಕು, ಹೇಳಿಕೊಂಡ ಬಳಿಕ ಆ ದೂರಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಗಳಿಗೂ ತಿಳಿಯಹೇಳಲು ಇಲ್ಲಿ ಯತ್ನಿಸುತ್ತೇವೆ.

ಗಡಿಯ ಊರಿನಲ್ಲಿರುವವರಿಗೆ ಜಾಹೀರಾತುಗಳು ನಾಲ್ಕು ದಿಕ್ಕಿನಿಂದಲೂ ಬರುತ್ತವೆ. ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಪತ್ರಿಕೆ ಬೆಳಗ್ಗೆ ಮನೆಗೆ ಬರುತ್ತದೆ. ಸಂಜೆ ಮಲೆಯಾಳ ದೂರದರ್ಶನ ವಾಹಿನಿಗಳು ತಮ್ಮ ಮಾತನ್ನು ಹೇಳುತ್ತವೆ. ಧ್ವನಿವರ್ಧಕ ಕಟ್ಟಿದ ವಾಹನದವನು ತುಳುವಿನಲ್ಲಿ ಕೂಗುತ್ತಾನೆ. ಕೈಯಲ್ಲಿರುವ ಫೋನಂತೂ ಯಾವ ಭಾಷೆಯನ್ನೂ ಬಿಟ್ಟಿಲ್ಲ. ಇವುಗಳಲ್ಲಿ ಬಹುಪಾಲು ನಿರಪಾಯವಾದವು. “ನಮ್ಮ ಕಾಫಿಪುಡಿಯಂತಹ ಕಾಫಿಪುಡಿ ಮೂರು ಲೋಕದಲ್ಲಿಲ್ಲ” ಎಂದು ಒಬ್ಬನು ಬರೆದರೆ ಮೂರು ಲೋಕಗಳನ್ನು ಸುತ್ತಿ ಬಂದು ಅವನನ್ನು ಹಿಡಿಯುವವರು ಯಾರೂ ಇಲ್ಲ. ಅದು ಅಭಿಮಾನದ ಮಾತೆಂದು ಕೇಳುವವನಿಗೂ ಗೊತ್ತು. ಆದರೆ “ಮೂರು ತಿಂಗಳಲ್ಲಿ ಸಿಹಿಮೂತ್ರ ರೋಗ ಬುಡಸಹಿತ ಮಾಯ” ಎಂದು ಬರೆದಾಗ ಅದು ಅಭಿಮಾನದ ಮಾತಾಗಿ ಉಳಿಯುವುದಿಲ್ಲ. ಅದು ನಿಜ ಅಥವಾ ಸುಳ್ಳು ಎಂದು ಪರೀಕ್ಷಿಸಬಹುದಾದ ಮಾತು. ಅದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದ ಮಗುವಿನ ಪ್ರಾಣಕ್ಕೆ ಕೆಲವೇ ದಿನಗಳಲ್ಲಿ ಅಪಾಯ ಬರುವುದುಂಟು. ಪರೀಕ್ಷೆಗೆ ಒಳಪಡತಕ್ಕ ಮಾತು, ಒಳಪಡದ ಮಾತು ಎಂಬ ಈ ವ್ಯತ್ಯಾಸವನ್ನು ಗ್ರಹಿಸಿದವರಿಗೆ ಮುಂದಿನದು ಕಷ್ಟವಾಗದು.

ನಮ್ಮ ದೇಶದಲ್ಲಿ ಈ ಬಗೆಯ ಕಾನೂನುಗಳಲ್ಲಿ ಹಳೆಯದೂ ಮುಖ್ಯವೂ ಆದುದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ. ಅದು 1955ನೆಯ ಇಸವಿ ಎಪ್ರಿಲ್ 1ರಂದು ಜಾರಿಗೆ ಬಂದಾಗ ಈ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು; ಮರುವರ್ಷ ನವೆಂಬರಿನಲ್ಲಿ ನಾವು ಕೇರಳದವರಾದೆವು. ರಾಜ್ಯ ಬದಲಾದರೂ ಕಾಯಿದೆ ಬದಲಾಗಲಿಲ್ಲ. ಈ ಕಾಯಿದೆಯನ್ನು ಬರೆದವರು ಲೋಕವನ್ನು ಬಲ್ಲವರಾಗಿದ್ದರೆಂಬುದಕ್ಕೆ ಅದರ ವ್ಯಾಖ್ಯೆಗಳೇ ಸಾಕ್ಷಿ. ಜಾಹೀರಾತೆಂದರೆ ಪತ್ರಿಕೆಯಲ್ಲಿ ಅಚ್ಚಾದುದು ಮಾತ್ರವಲ್ಲ. ಸುತ್ತೋಲೆ, ಸೀಸೆಗೆ ಅಂಟಿಸಿದ ಚೀಟಿ, ಸುತ್ತಿಕೊಟ್ಟ ಕಾಗದ, ಬಾಯಿಮಾತಿನ ಘೋಷಣೆ, ಕೊನೆಗೆ ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡಿದ ಪ್ರಕಟಣೆಯೂ ಜಾಹೀರಾತೇ. ಹೊಗೆಯನ್ನು ಆಗ ಏಕೆ ಸೇರಿಸಿದರೋ ಎಂದು ನಗುವವರು ನಗಲಿ. ಅಂದು ಯಾರ ಕಲ್ಪನೆಗೂ ಬಾರದಿದ್ದ ಇಂದಿನ ಫೋನಿನ ಪರದೆಯು ಆ ವಿಶಾಲವಾದ ಮಾತುಗಳೊಳಗೆ ಸುಲಭವಾಗಿ ಅಡಗುತ್ತದೆ. ಮಾಂತ್ರಿಕ ಚಿಕಿತ್ಸೆಯೆಂಬುದಕ್ಕೂ ತಾಯಿತ, ಮಂತ್ರ, ಕವಚ ಎಂದು ಹೆಸರು ಹಿಡಿದೇ ಹೇಳಿದ್ದಾರೆ. ಮನೆಯಲ್ಲಿ ಹಿರಿಯರು ತಾಯಿತ ಕಟ್ಟಿಕೊಳ್ಳುವುದಕ್ಕೆ ಈ ಕಾಯಿದೆಯ ತಕರಾರಿಲ್ಲ. ಅದರಿಂದ ರೋಗ ಗುಣವಾಗುವುದೆಂದು ಪ್ರಕಟಣೆ ಮಾಡುವುದೇ ಅಪರಾಧ.

ಈ ಕಾಯಿದೆಯ ಅನುಸೂಚಿಯಲ್ಲಿ 54 ರೋಗಗಳ ಮತ್ತು ದೇಹಸ್ಥಿತಿಗಳ ಪಟ್ಟಿಯಿದೆ. ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ಕುಷ್ಠ, ಪಾರ್ಶ್ವವಾಯು, ಕುರುಡುತನ ಮುಂತಾದವು ಅದರಲ್ಲಿ ಸೇರಿವೆ. ಇವುಗಳನ್ನು ಗುಣಪಡಿಸುವೆವೆಂದು ಜನಸಾಮಾನ್ಯರಿಗೆ ಔಷಧದ ಜಾಹೀರಾತು ಕೊಡಕೂಡದು. ಔಷಧ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಇಂತಹ ರೋಗಗಳ ವಿಷಯದಲ್ಲಿ ರೋಗಿಯು ವೈದ್ಯನ ಬಳಿಗೆ ಹೋಗಬೇಕೇ ವಿನಾ ಪತ್ರಿಕೆಯ ಮೂಲೆಗೆ ಹೋಗಬಾರದೆಂಬುದು ಶಾಸನದ ಆಶಯ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸಜೆ ಅಥವಾ ಜುಲ್ಮಾನೆ ಅಥವಾ ಎರಡೂ, ಮತ್ತೆ ತಪ್ಪಿದರೆ ಒಂದು ವರ್ಷದವರೆಗೆ ಸಜೆ ಎಂದು ಆ ಕಾಯಿದೆಯು ವಿಧಿಸಿತು.

ಇದರ ವಿರುದ್ಧ ದಿಲ್ಲಿಯ ಹಮ್‌ದರ್ದ್ ದವಾಖಾನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಮಾತನಾಡುವ ಸ್ವಾತಂತ್ರ್ಯವು ಸಂವಿಧಾನ ಕೊಟ್ಟ ಹಕ್ಕಾಗಿರುವಾಗ ಜಾಹೀರಾತನ್ನು ಹೇಗೆ ತಡೆಯುತ್ತೀರಿ ಎಂಬುದು ಅವರ ವಾದ. 1959ನೆಯ ಡಿಸೆಂಬರ್ 18ರಂದು ನ್ಯಾಯಾಲಯವು ತೀರ್ಪಿತ್ತಿತು. ಸರಕು ಮಾರುವುದಕ್ಕಾಗಿ ಆಡಿದ ಮಾತು ಆ ಹಕ್ಕಿನ ಆಶ್ರಯದಲ್ಲಿ ಬರುವಂತಹುದಲ್ಲವೆಂದು ಹೇಳಿ ಕಾಯಿದೆಯ ಮುಖ್ಯಭಾಗವನ್ನು ಎತ್ತಿಹಿಡಿಯಿತು. ಆದರೆ ಯಾವ ರೋಗವನ್ನು ಬೇಕಾದರೂ ಪಟ್ಟಿಗೆ ಸೇರಿಸಲು ಸರಕಾರಕ್ಕೆ ಕೊಟ್ಟಿದ್ದ ಅಂಕೆಯಿಲ್ಲದ ಅಧಿಕಾರವನ್ನೂ ಔಷಧವನ್ನು ಮುಟ್ಟುಗೋಲು ಹಾಕುವ ಅಧಿಕಾರವನ್ನೂ ತೆಗೆದುಹಾಕಿತು. ಅನಂತರ 1963ರಲ್ಲಿ ಕಾಯಿದೆಯನ್ನು ತಿದ್ದಲಾಯಿತು. ತಪ್ಪು ಮಾಡುವವನನ್ನು ಹಿಡಿಯುವ ಅಧಿಕಾರಿಯ ಕೈಗೂ ಅಳತೆ ಬೇಕೆಂಬ ಈ ವಿವೇಕ ನಮಗೆ ಮೆಚ್ಚಿಕೆಯಾದುದು. ಆದರೂ ಸತ್ಯವಾದ ಜಾಹೀರಾತಿಗೆ ಮಾತಿನ ಸ್ವಾತಂತ್ರ್ಯದ ರಕ್ಷಣೆ ಉಂಟೆಂದು ಅದೇ ನ್ಯಾಯಾಲಯ 1995ರಲ್ಲಿ, ಟೆಲಿಫೋನ್ ಡೈರೆಕ್ಟರಿಯ ಜಾಹೀರಾತುಗಳ ಮೊಕದ್ದಮೆಯೊಂದರಲ್ಲಿ ಹೇಳಿತೆಂಬುದನ್ನೂ ಇಲ್ಲಿ ಸೇರಿಸಬೇಕು. ಸುಳ್ಳಿಗೆ ಆ ರಕ್ಷಣೆ ಅಂದೂ ಸಿಗಲಿಲ್ಲ, ಅನಂತರವೂ ಸಿಗಲಿಲ್ಲ.

ಔಷಧವಲ್ಲದ ಇತರ ಸರಕುಗಳ ವಿಷಯಕ್ಕೆ ಬರೋಣ. ಜಾಹೀರಾತು ಕೊಡುವವರೂ ಪ್ರಕಟಿಸುವವರೂ ಸೇರಿ 1985ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿಕೊಂಡ ಅಡ್ವರ್ಟೈಸಿಂಗ್ ಸ್ಟಾಂಡರ್ಡ್ಸ್ ಕೌನ್ಸಿಲ್ ಎಂಬ ಸಂಸ್ಥೆಯೊಂದಿದೆ. ಅದು ಸರಕಾರದ ಕಚೇರಿಯಲ್ಲ. ದೂರು ಬಂದರೆ ಜಾಹೀರಾತುದಾರನಿಂದ ಸಮಜಾಯಿಷಿ ಕೇಳಿ, ಅದು ಸಾಲದಿದ್ದರೆ ಜಾಹೀರಾತನ್ನು ಹಿಂದೆಗೆಯಿರಿ ಅಥವಾ ತಿದ್ದಿರಿ ಎಂದು ಹೇಳುತ್ತದೆ. ಜುಲ್ಮಾನೆ ಹಾಕುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರವಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ 2020ನೆಯ ಜುಲೈಯಲ್ಲಿ ದಿಲ್ಲಿಯಲ್ಲಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ. ಅದು ದೂರನ್ನು ಮೊದಲು ಸ್ಥೂಲವಾಗಿ ವಿಚಾರಿಸುತ್ತದೆ. ಹುರುಳಿದೆಯೆಂದು ಕಂಡರೆ ತನ್ನ ತನಿಖಾ ವಿಭಾಗಕ್ಕೆ ಒಪ್ಪಿಸುತ್ತದೆ. ಎದುರು ಪಕ್ಷದವರ ಮಾತನ್ನು ಕೇಳಿದ ಬಳಿಕವೇ ಆದೇಶ ಕೊಡುತ್ತದೆ. ಹತ್ತು ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಆದೇಶ ಒಪ್ಪಿಗೆಯಾಗದವರು ರಾಷ್ಟ್ರೀಯ ಆಯೋಗಕ್ಕೆ ಅಪೀಲು ಹೋಗಬಹುದು.

ಇಲ್ಲಿ ಬಹುಜನರಿಗೆ ತಿಳಿಯದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ದೂರು ಕೊಡಲು ಹಿಂಜರಿಯುವವರು ಸಾಮಾನ್ಯವಾಗಿ ಹೇಳುವುದೇನೆಂದರೆ, “ಆ ಎಣ್ಣೆಯಿಂದ ಕೂದಲು ಬೆಳೆಯುವುದಿಲ್ಲವೆಂದು ನಾವು ಹೇಗೆ ಸಾಧಿಸುವುದು? ನಮ್ಮಲ್ಲಿ ಪ್ರಯೋಗಶಾಲೆಯಿದೆಯೆ?” ಎಂದು. ಸಾಧಿಸುವ ಭಾರ ಜಾಹೀರಾತನ್ನು ನೋಡಿದವನದಲ್ಲ. ಆರು ವಾರಗಳಲ್ಲಿ ಕೂದಲು ಬರುವುದೆಂದು ಹೇಳಿದವನೇ ಅದಕ್ಕೆ ಆಧಾರವನ್ನು ಕೈಯಲ್ಲಿಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು. 2022ನೆಯ ಜೂನಿನಲ್ಲಿ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳಲ್ಲಿಯೂ, ಮುಂಬಯಿಯ ಕೌನ್ಸಿಲಿನ ನಿಯಮಗಳಲ್ಲಿಯೂ ಇದೇ ತತ್ತ್ವವಿದೆ. ಓದುಗನು ಮಾಡಬೇಕಾದುದು ಹೇಳಿಕೆಯನ್ನು ಇದ್ದಂತೆ ಎತ್ತಿ ತೋರಿಸುವುದು, ಅಷ್ಟೆ.

ಸುಳ್ಳು ಹೇಳದೆಯೂ ತಪ್ಪುದಾರಿಗೆ ಎಳೆಯಬಹುದು. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ ಎಂದು 2019ರ ಕಾಯಿದೆ ಹೇಳುತ್ತದೆ. ಇದಕ್ಕೆ ನಮ್ಮ ಮೇಲಿನ ತರಗತಿಗಳ ಮಕ್ಕಳು ತಿಳಿದಿರಬೇಕಾದ ಉದಾಹರಣೆಯೊಂದಿದೆ. ಚೆನ್ನೈಯ ಶಂಕರ್ ಐ.ಎ.ಎಸ್. ಅಕಾಡೆಮಿಯವರು 2022ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯ್ಕೆಯಾದ 933 ಮಂದಿಯಲ್ಲಿ 336 ಮಂದಿ ತಮ್ಮವರೆಂದು ಪ್ರಕಟಿಸಿದ್ದರು. ಪ್ರಾಧಿಕಾರವು ಲೆಕ್ಕ ಕೇಳಿದಾಗ, ಅವರಲ್ಲಿ 221 ಮಂದಿ ಅಲ್ಲಿ ಪಡೆದುದು ಸಂದರ್ಶನಕ್ಕೆ ಮುಂಚಿನ ಧರ್ಮಾರ್ಥ ಮಾರ್ಗದರ್ಶನವನ್ನು ಮಾತ್ರವೆಂದು ಬೆಳಕಿಗೆ ಬಂದಿತು. ಸಂದರ್ಶನಕ್ಕೆ ಕರೆ ಬರಬೇಕಾದರೆ ಮೊದಲಿನ ಎರಡು ಪರೀಕ್ಷೆಗಳನ್ನು ಅವರು ಬೇರೆ ಕಡೆ ಓದಿಯೋ ಸ್ವಂತ ಶ್ರಮದಿಂದಲೋ ಗೆದ್ದಿರಲೇಬೇಕಷ್ಟೆ. ಜಾಹೀರಾತಿನ ಹೆಸರುಗಳು ನಿಜ, ಮುಖಗಳು ನಿಜ. ಅವರು ಯಾವ ಪಾಠ ಕಲಿತರೆಂಬುದೊಂದೇ ಮರೆಯಾಗಿತ್ತು. ಲಕ್ಷಗಟ್ಟಲೆ ಶುಲ್ಕದ ದೀರ್ಘ ತರಗತಿಗೆ ಸೇರುವ ಹುಡುಗನು ಆ 336ನ್ನು ನೋಡಿಯೇ ಸೇರುತ್ತಾನೆ. 2024ರಲ್ಲಿ ಐದು ಲಕ್ಷ ರೂಪಾಯಿ ದಂಡ ವಿಧಿಸಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಇಂತಹ ತರಬೇತಿ ಕೇಂದ್ರಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿಗಳು ಬಂದವು. ಆಯ್ಕೆಯಾದವನು ಯಾವ ತರಗತಿಯಲ್ಲಿ ಕಲಿತನೆಂಬುದನ್ನು ತಿಳಿಸಬೇಕು. ಫಲಿತಾಂಶ ಬಂದ ಬಳಿಕ ಅವನ ಲಿಖಿತ ಒಪ್ಪಿಗೆಯಿಲ್ಲದೆ ಭಾವಚಿತ್ರವನ್ನು ಅಚ್ಚು ಹಾಕಬಾರದು. ಹತ್ತನೆಯ ತರಗತಿಯ ಫಲಿತಾಂಶದ ವಾರದಲ್ಲಿ ನಮ್ಮ ಹೆದ್ದಾರಿಯ ಬದಿಯಲ್ಲಿ ನಗುವ ಮುಖಗಳ ಫಲಕಗಳು ಏಳುವುದನ್ನು ನೋಡುವವರು ಈ ಎರಡು ನಿಯಮಗಳನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮಗೆ ವಿಶೇಷ ಪ್ರಯೋಜನವಾಗುವ ಇನ್ನೊಂದು ನಿಯಮ 2022ರ ಮಾರ್ಗಸೂಚಿಗಳಲ್ಲಿದೆ. ದೊಡ್ಡ ಅಕ್ಷರದಲ್ಲಿ “ಸಂಪೂರ್ಣ ಉಚಿತ” ಎಂದು ಕನ್ನಡದಲ್ಲಿ ಬರೆದು, ನಕ್ಷತ್ರದ ಗುರುತು ಹಾಕಿ, ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಇಂಗ್ಲಿಷಿನಲ್ಲಿ ನಿಬಂಧನೆಗಳನ್ನು ಅಡಗಿಸುವ ಪದ್ಧತಿಯನ್ನು ಯಾರು ಕಂಡಿಲ್ಲ? ಹೇಳಿಕೆ ಯಾವ ಭಾಷೆಯಲ್ಲಿದೆಯೋ ನಿಬಂಧನೆಯೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರಗಳಲ್ಲಿ ಇರತಕ್ಕದ್ದು. ದೊಡ್ಡ ಅಕ್ಷರದ ಮಾತಿಗೆ ವಿರೋಧವಾದುದನ್ನು ಸಣ್ಣ ಅಕ್ಷರದಲ್ಲಿ ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜ ಅಜ್ಜಿಯರಿಗೆ ಪತ್ರಿಕೆ ಓದಿ ಹೇಳುವ ಮಕ್ಕಳು ಈ ಸಣ್ಣ ಅಕ್ಷರಗಳನ್ನೂ ಓದಿ ಹೇಳಲಿ. ಮಕ್ಕಳನ್ನೇ ಗುರಿಯಾಗಿಟ್ಟುಕೊಂಡ ಜಾಹೀರಾತುಗಳಿಗೂ ಕಟ್ಟುಗಳಿವೆ; ಈ ಪುಡಿಯನ್ನು ಹಾಲಿಗೆ ಹಾಕಿ ಕುಡಿಯದವನು ಓರಗೆಯವರಲ್ಲಿ ಕೀಳೆಂಬ ಭಾವನೆ ಹುಟ್ಟಿಸಕೂಡದು.

ಪ್ರಸಿದ್ಧರ ಮುಖವನ್ನು ನೋಡಿ ಸರಕನ್ನು ಕೊಳ್ಳುವುದು ಎಲ್ಲ ಊರುಗಳ ದೌರ್ಬಲ್ಯ. ವಯನಾಡಿನ ಒಬ್ಬ ಗೃಹಸ್ಥರು ಸೋಪೊಂದರ ಜಾಹೀರಾತಿನಲ್ಲಿ ನಟ ಮಮ್ಮುಟ್ಟಿಯವರು ಹೇಳಿದಂತೆ ಸೌಂದರ್ಯವು ತನ್ನನ್ನು ಹುಡುಕಿಕೊಂಡು ಬರಲಿಲ್ಲವೆಂದು 2015ರಲ್ಲಿ ಗ್ರಾಹಕ ವೇದಿಕೆಗೆ ದೂರಿತ್ತರು. ಕೇಳಿದವರು ನಕ್ಕರು, ಆದರೆ ಕಂಪೆನಿಯವರು 30,000 ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡರು. ತ್ರಿಶೂರಿನ ಮೊಕದ್ದಮೆ ಇದಕ್ಕಿಂತ ಗಂಭೀರವಾದುದು. ಆರು ವಾರಗಳಲ್ಲಿ ಕೂದಲು ಬೆಳೆಯುವುದೆಂಬ ಧಾತ್ರಿ ಕ್ರೀಮಿನ ಜಾಹೀರಾತನ್ನು ನಂಬಿ ಮೋಸಹೋದೆನೆಂದು ಗ್ರಾಹಕರೊಬ್ಬರು 2012ರಲ್ಲಿ ದೂರಿದ್ದರು. ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಅನೂಪ್ ಮೇನೋನರನ್ನು ವಿಚಾರಿಸಿದಾಗ, ತಾವು ಆ ಕ್ರೀಮನ್ನು ಬಳಸಿಲ್ಲ, ತಮ್ಮ ತಾಯಿ ಕಾಯಿಸಿಕೊಡುವ ಎಣ್ಣೆಯನ್ನೇ ಬಳಸುವುದೆಂದು ತಿಳಿಸಿದರು. 2020ರ ಡಿಸೆಂಬರಿನಲ್ಲಿ ವೇದಿಕೆಯು ಕಂಪೆನಿಯೂ ನಟನೂ ತಲಾ 10,000 ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಆದೇಶಿಸಿತು. ಎಂಟು ವರ್ಷ! ಈ ನಿಧಾನವನ್ನು ಮುಚ್ಚಿ ಹೇಳುವುದು ಪ್ರಾಮಾಣಿಕತೆಯಾಗದು. ಹೊಸ ಕಾಯಿದೆಯಲ್ಲಿ, ಸರಿಯಾಗಿ ವಿಚಾರಿಸದೆ ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರು ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷಗಳವರೆಗೆ ಯಾವ ಸರಕಿಗೂ ಮುಖ ಕೊಡದಂತೆ ನಿಷೇಧಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಡಲಾಗಿದೆ.

ಒಬ್ಬನ ದೂರು ಎಷ್ಟು ದೂರ ಹೋಗಬಹುದು, ಎಲ್ಲಿ ಎಡವಬಹುದು ಎಂಬುದಕ್ಕೆ ನಮ್ಮ ನೆರೆಯ ಕಣ್ಣೂರಿನಿಂದ ಹೊರಟ ಪ್ರಕರಣವೇ ಸಾಕು. ಅಲ್ಲಿನ ನೇತ್ರವೈದ್ಯ ಡಾ. ಕೆ. ವಿ. ಬಾಬು ಅವರು ಪತಂಜಲಿ ಹೆಸರಿನಲ್ಲಿ ದಿವ್ಯ ಫಾರ್ಮಸಿಯ ಔಷಧಗಳಿಗೆ ಬರುತ್ತಿದ್ದ ಜಾಹೀರಾತುಗಳು 1954ರ ಕಾಯಿದೆಯ ಪಟ್ಟಿಯಲ್ಲಿರುವ ರೋಗಗಳನ್ನು ಹೆಸರಿಸುತ್ತಿವೆಯೆಂದು 2022ರಲ್ಲಿ ಸರಕಾರಕ್ಕೆ ಬರೆದರು. ಔಷಧ ತಯಾರಾಗುವುದು ಉತ್ತರಾಖಂಡದಲ್ಲಿ; ಲೈಸೆನ್ಸ್ ಕೊಟ್ಟವರೂ ಅಲ್ಲಿಯವರು. ಆದುದರಿಂದ ಕಾಗದ ಕೇಂದ್ರದಿಂದ ಅಲ್ಲಿಗೆ ಹೋಯಿತು. ಅಲ್ಲಿನ ಅಧಿಕಾರಿಗಳು ಅದೇ ವರ್ಷ ನವೆಂಬರಿನಲ್ಲಿ, ಮಧುಮೇಹ, ರಕ್ತದೊತ್ತಡ ಮುಂತಾದವುಗಳಿಗೆಂದು ಮಾರುತ್ತಿದ್ದ ಐದು ಔಷಧಗಳ ತಯಾರಿಕೆಯನ್ನು ನಿಲ್ಲಿಸಲು ಆಜ್ಞೆ ಮಾಡಿ, ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ತಾವೇ ತಿದ್ದಿ ತಯಾರಿಕೆಗೆ ಅವಕಾಶವಿತ್ತರು. ದೂರಿದವರು ಎದೆಗುಂದದೆ ಮತ್ತೆ ಮತ್ತೆ ಬರೆದರು.

ಅದೇ ವರ್ಷ ಭಾರತೀಯ ವೈದ್ಯಕೀಯ ಸಂಘವು ಪತಂಜಲಿ ಆಯುರ್ವೇದದ ಜಾಹೀರಾತುಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಮೊರೆಹೋಗಿತ್ತು. 2023ರ ನವೆಂಬರಿನಲ್ಲಿ ನ್ಯಾಯಾಲಯ ಎಚ್ಚರಿಸಿತು. ಜಾಹೀರಾತುಗಳು ನಿಲ್ಲದಿದ್ದಾಗ 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ನಿಂದನೆಯ ನೋಟೀಸು ಕೊಟ್ಟಿತು. ಎಪ್ರಿಲಿನಲ್ಲಿ ಕಂಪೆನಿಯವರು ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿದರು. ನಿಮ್ಮ ಜಾಹೀರಾತುಗಳು ಎಷ್ಟು ದೊಡ್ಡವಿದ್ದುವೋ ಕ್ಷಮಾಪಣೆಯೂ ಅಷ್ಟೇ ದೊಡ್ಡದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಮರುದಿನ ದೊಡ್ಡ ಕ್ಷಮಾಪಣೆ ಅಚ್ಚಾಯಿತು. ಆ ಪ್ರಶ್ನೆ ಸಣ್ಣದಾಗಿ ಕಂಡರೂ ಜಾಹೀರಾತಿನ ಮರ್ಮವೇ ಅದರಲ್ಲಿದೆ: ಇಡೀ ಪುಟದಲ್ಲಿ ಹೇಳಿದ ಸುಳ್ಳನ್ನು ಮೂಲೆಯಲ್ಲಿ ಹಿಂದೆಗೆದರೆ ಓದಿದವರಲ್ಲಿ ಎಷ್ಟು ಮಂದಿಗೆ ಅದು ಮುಟ್ಟೀತು? ಆಗಸ್ಟಿನಲ್ಲಿ ಕ್ಷಮಾಪಣೆಯನ್ನು ಅಂಗೀಕರಿಸಿ ನಿಂದನೆಯ ಮೊಕದ್ದಮೆಯನ್ನು ಮುಗಿಸಲಾಯಿತು. ಈ ನಡುವೆ ಕೇರಳದ ಔಷಧ ನಿಯಂತ್ರಣ ಇಲಾಖೆಯವರು ಕೋಝಿಕ್ಕೋಡು, ಪಾಲಕ್ಕಾಡು ಮುಂತಾದೆಡೆಗಳ ಮೆಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ 1954ರ ಕಾಯಿದೆಯಂತೆ ದಿವ್ಯ ಫಾರ್ಮಸಿಯ ಮೇಲೆ ಫಿರ್ಯಾದು ಹೂಡಿದರು. ಎಪ್ಪತ್ತು ವರ್ಷಗಳಷ್ಟು ಹಳೆಯದಾದ ಕಾಯಿದೆಯು ತುಕ್ಕು ಹಿಡಿದಿರಲಿಲ್ಲ, ಎತ್ತಿಕೊಳ್ಳುವ ಕೈ ಬೇಕಾಗಿತ್ತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಈ ಕಾಯಿದೆಯ ಕೆಳಗೆ ಜನರು ದೂರು ಕೊಡಲು ತಕ್ಕ ವ್ಯವಸ್ಥೆಯನ್ನು ಎರಡು ತಿಂಗಳೊಳಗೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು.

ಇನ್ನು ಹೊಸಂಗಡಿಯಲ್ಲಿ ಕುಳಿತವನು ಎಲ್ಲಿಗೆ ಬರೆಯಬೇಕು? ಔಷಧ, ತಾಯಿತಗಳ ವಿಷಯವಾದರೆ ಕೇರಳದ ಔಷಧ ನಿಯಂತ್ರಣ ಇಲಾಖೆಗೆ. ಇತರ ಸರಕು, ತರಬೇತಿ, ಸೇವೆಗಳ ವಿಷಯವಾದರೆ ದಿಲ್ಲಿಯ ಪ್ರಾಧಿಕಾರಕ್ಕೆ ನೇರವಾಗಿ ಬರೆಯಬಹುದು, ಅಥವಾ ಕಾಸರಗೋಡಿನ ಜಿಲ್ಲಾ ಕಲೆಕ್ಟರರಿಗೆ ಕೊಡಬಹುದು. ಕಾಯಿದೆ ಎರಡಕ್ಕೂ ಆಸ್ಪದ ಕೊಟ್ಟಿದೆ. ಫೋನಿನಲ್ಲಿ ಸಲಹೆ ಬೇಕಾದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇವರೆಲ್ಲರೂ ಜಾಹೀರಾತನ್ನು ನಿಲ್ಲಿಸಬಲ್ಲರು, ದಂಡಿಸಲು ಕ್ರಮ ಕೈಗೊಳ್ಳಬಲ್ಲರು. ಆದರೆ ಕಳೆದುಕೊಂಡ ಹಣ ವೈಯಕ್ತಿಕವಾಗಿ ತಮಗೆ ಮರಳಬೇಕೆನ್ನುವವರು ಕಾಸರಗೋಡಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು. ಅಂಗಡಿ ಮಂಗಳೂರಿನಲ್ಲಿದೆ, ತಲಪಾಡಿಯ ಗಡಿಯಾಚೆ ಹೋಗಿ ವ್ಯಾಜ್ಯ ಮಾಡಬೇಕಲ್ಲ ಎಂದು ಹೆದರಬೇಕಾಗಿಲ್ಲ. ದೂರಿಡುವವನು ವಾಸಿಸುವ ಜಿಲ್ಲೆಯಲ್ಲಿಯೇ ದೂರಿಡಬಹುದೆಂದು 2019ರ ಕಾಯಿದೆ ಹೇಳುತ್ತದೆ. ಗಡಿನಾಡಿನವರಿಗೆ ಇದು ದೊಡ್ಡ ಉಪಕಾರ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಕಾರಣ ಒದಗಿದ ಎರಡು ವರ್ಷಗಳೊಳಗೆ ಹೋಗಬೇಕು. ಭಾಷೆಯ ಅಳುಕೂ ಬೇಡ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಗೆ 1973ರಲ್ಲಿ ಮಾಡಿದ ತಿದ್ದುಪಡಿಯು ಇಲ್ಲಿನ ಕನ್ನಡಿಗರು ರಾಜ್ಯ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಸೌಲಭ್ಯವನ್ನು ಒದಗಿಸಿತು. ಆದರೆ ದಿಲ್ಲಿಗೆ ಬರೆಯುವಾಗ ಜಾಹೀರಾತಿನ ಕನ್ನಡ ಮಾತಿನ ಜೊತೆಗೆ ಅದರ ಇಂಗ್ಲಿಷ್ ಅಥವಾ ಹಿಂದೀ ಅನುವಾದವನ್ನು ಇಟ್ಟರೆ ಕೆಲಸ ಬೇಗ ಸಾಗುತ್ತದೆ; ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಇದು ತಕ್ಕ ಅಭ್ಯಾಸವೂ ಹೌದು.

ದೂರಿನಲ್ಲಿ ರೋಷದ ಮಾತು ಬೇಡ. ಯಾವ ಪತ್ರಿಕೆ, ಯಾವ ತಾರೀಖು, ಯಾವ ಪುಟ; ವಾಹಿನಿಯಾದರೆ ಯಾವ ಹೊತ್ತು; ಹೇಳಿಕೆಯ ಅಕ್ಷರಶಃ ಪ್ರತಿ; ಅದರಲ್ಲಿ ಆಕ್ಷೇಪವೇನು ಎಂಬ ಎರಡು ವಾಕ್ಯ; ಕೊಂಡಿದ್ದರೆ ರಶೀದಿಯ ನಕಲು. ಪತ್ರಿಕೆಯ ಹಾಳೆ ನಾಳೆ ಮೀನು ಕಟ್ಟುವುದಕ್ಕೋ ಕಪಾಟಿನ ತಳಕ್ಕೋ ಹೋಗುವುದರಿಂದ ಅಂದೇ ಕತ್ತರಿಸಿ ತಾರೀಖು ಬರೆದಿಡಬೇಕು. ಫೋನಿನಲ್ಲಿ ಕಂಡುದಾದರೆ ಚಿತ್ರ ಹಿಡಿದಿಡಬೇಕು, ಏಕೆಂದರೆ ಅದು ಸಂಜೆಗೇ ಮಾಯವಾಗುವುದುಂಟು. ಕಳುಹಿಸಿದ ದೂರಿನ ಒಂದು ಪ್ರತಿ ಮನೆಯಲ್ಲಿರಲಿ. ಕಚೇರಿಯಿಂದ ಬರುವ ಉತ್ತರದ ಸಂಖ್ಯೆಯನ್ನೂ ತಾರೀಖನ್ನೂ ಅದರ ಬೆನ್ನಿಗೆ ಬರೆದುಕೊಳ್ಳಬೇಕು. ಎರಡನೆಯ ಕಾಗದ ಬರೆಯುವಾಗ ಮೊದಲಿನ ಸಾಲಿನಲ್ಲಿಯೇ ಅವು ಬೇಕಾಗುತ್ತವೆ.